ಹಾವಿನ ಗೇಮ್ ಮಾಡಿದವನಿಗೆ ಹಾವು ಕಚ್ಚಿದ್ದು

ನಾನು ಹೊಟ್ಟೆಪಾಡಿಗೆ ಗೇಮ್ ಮಾಡುವವನು. ಯಾರಾದರೂ ಕೇಳಿದರೆ ‘ಸಮಾಜಕ್ಕೆ ಒಳ್ಳೆಯದಾಗುವ ಗೇಮ್’ ಎಂದು ಸೇರಿಸಿ ಹೇಳುತ್ತೇನೆ. ಇಲ್ಲದಿದ್ದರೆ ರಮ್ಮಿ ಆಡಿಸುವವನೆಂದು ತಿಳಿಯುತ್ತಾರೆ.

ಮರಳೂರಿನ ಮನೆಯ ಮಹಡಿಯಲ್ಲಿ ಕೂತು ಮಾಡಿದವುಗಳಲ್ಲಿ ನನಗೆ ಹೆಚ್ಚು ಹೆಮ್ಮೆ ತಂದದ್ದು, ಹಾವು ಕಚ್ಚಿದಾಗ ಏನು ಮಾಡಬೇಕೆಂದು ಮಕ್ಕಳಿಗೆ ಕಲಿಸುವ ಗೇಮ್. ತೋಟದಲ್ಲಿ ಒಬ್ಬ ಅಜ್ಜನಿಗೆ ಹಾವು ಕಚ್ಚುತ್ತದೆ. ಅವನನ್ನು ಅಲುಗಾಡದಂತೆ ಮಲಗಿಸಿ ಬೇಗ ಆಸ್ಪತ್ರೆಗೆ ಸೇರಿಸಿದರೆ ಪಾಯಿಂಟು. ಓಡಿಸಿದರೆ, ಕಾಲಿಗೆ ಬಿಗಿಯಾಗಿ ಕಟ್ಟಿದರೆ, ಬ್ಲೇಡಿನಿಂದ ಕೊಯ್ದರೆ ಪಾಯಿಂಟು ಹೋಗುತ್ತದೆ. ಅಜ್ಜ ಹಣೆ ಚಚ್ಚಿಕೊಳ್ಳುತ್ತಾನೆ. ಆ ದಿನಗಳಲ್ಲಿ ಹೆಂಡತಿ ಹಲ್ಲಿ ಕಂಡು ಕಿರುಚಿದರೂ ಗಾಬರಿಯಾಗಬಾರದೆಂದು ಅವಳಿಗೆ ಉಪನ್ಯಾಸ ಕೊಡುತ್ತಿದ್ದೆ.

ಹೋದ ವರ್ಷ ನಿಟ್ಟೂರಿನ ಹತ್ತಿರದ ಒಂದು ಶಾಲೆಗೆ ಟ್ಯಾಬ್‌ಗಳನ್ನು ಹೊತ್ತುಕೊಂಡು ಹೋದೆ. ಏಳನೇ ಕ್ಲಾಸಿನ ಹುಡುಗಿಯರು ಬೆಳಗ್ಗೆಯೆಲ್ಲ ಆಡಿದರು. ನಾನು ಹೊರಗೆ ತೆಂಗಿನ ತೋಟದ ಬೇಲಿಯ ಪಕ್ಕ ನಿಂತು, ಗೇಮ್ ಎಷ್ಟು ಚೆನ್ನಾಗಿದೆಯೆಂದು ಗೆಳೆಯನಿಗೆ ಫೋನಿನಲ್ಲಿ ಕೊಚ್ಚಿಕೊಳ್ಳುತ್ತಿದ್ದೆ. ಮಾತಿನ ಭರದಲ್ಲಿ ಒಣಗಿದ ಗರಿಯೊಂದನ್ನು ತುಳಿದೆ. ಅದರಡಿಯಿಂದ ಹಾವೊಂದು ಸರಕ್ಕನೆ ಎದ್ದು ಮೀನಖಂಡಕ್ಕೆ ಕಚ್ಚಿ ಹರಿದುಹೋಯಿತು.

ನಾನು ಓಡಿದೆ. ಒಂದು ಚಪ್ಪಲಿ ಅಲ್ಲೇ ಬಿಟ್ಟು, ‘ಹಾವು ಹಾವು’ ಎಂದು ಅರಚುತ್ತ ಶಾಲೆಯ ಅಂಗಳವನ್ನು ಸುತ್ತು ಹೊಡೆದೆ. ಎಲ್ಲಿಗೆ ಓಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಹುಡುಗಿಯರೆಲ್ಲ ಹೊರಗೆ ಬಂದರು.

“ಸಾರ್, ಓಡ್ಬ್ಯಾಡಿ! ಪಾಯಿಂಟ್ ಹೋಯ್ತವೆ!”

ನಿಂತೆ. ನಿಂತವನೇ ಬ್ಯಾಗಿನ ಪಟ್ಟಿ ಕಿತ್ತು ಮೊಣಕಾಲಿನ ಕೆಳಗೆ ಬಿಗಿದೆ.

“ಅಯ್ಯೋ, ಕಟ್ಟೇಬುಟ್ರು ಕಣೇ!” ಎಂದು ಎರಡು ಜಡೆಯ ಹುಡುಗಿಯೊಬ್ಬಳು ಹಣೆ ಚಚ್ಚಿಕೊಂಡಳು. “ಮಲ್ಕಳಿ ಸಾರ್, ಅಳ್ಳಾಡ್ಬ್ಯಾಡಿ.”

“ಬ್ಲೇಡ್ ಇದ್ಯಾ?” ಎಂದೆ. ನಿಜವಾಗಿಯೂ ಕೇಳಿದೆ.

“ಯಾರೂ ಕೊಡ್ಬ್ಯಾಡ್ರೇ!” ಎಂದು ಎಲ್ಲರೂ ಒಟ್ಟಿಗೆ ಕೂಗಿದರು.

ನನ್ನನ್ನು ಬೆಂಚಿನ ಮೇಲೆ ಮಲಗಿಸಿದರು. ಹೆಡ್‌ಮಿಸ್ಸು ಕಾರು ತರಲು ಹೋದರು. ನಾನು ಗಡಗಡ ನಡುಗುತ್ತಿದ್ದೆ. ಆ ಎರಡು ಜಡೆಯವಳು ಭುಜದ ಮೇಲೆ ಕೈಯಿಟ್ಟು, “ಏನೂ ಆಗಲ್ಲ, ಆಸ್ಪತ್ರೆ ಹತ್ರಾನೇ ಐತೆ” ಎಂದಳು. ಅಜ್ಜನಿಗೆ ಧೈರ್ಯ ಹೇಳಲೆಂದು ನಾನೇ ಬರೆದಿದ್ದ ಮಾತು. ಬರೆಯುವಾಗ ಏನೋ ಒಂದು ಇರಲಿ ಎಂದು ಹಾಕಿದ್ದೆ. ಆವತ್ತು ಅದು ಕಿವಿಗೆ ಬಿದ್ದಾಗ ನಡುಕ ನಿಂತಿತು.

ಕಾರಿನಲ್ಲಿ ಹೆಂಡತಿಗೆ ಫೋನ್ ಮಾಡಿ, ಹಾವು ಕಚ್ಚಿತೆಂದು ಹೇಳಿ, ಲ್ಯಾಪ್‌ಟಾಪಿನ ಪಾಸ್‌ವರ್ಡ್ ಹೇಳತೊಡಗಿದೆ. “ಅದ್ಯಾರಿಗ್ರೀ ಬೇಕು? ಯಾವ ಆಸ್ಪತ್ರೆ, ಮೊದ್ಲು ಅದನ್ನ ಹೇಳ್ರೀ!” ಎಂದು ಗದರಿದಳು.

ಗುಬ್ಬಿಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಕಾಲು ನೋಡಿ, “ಇಷ್ಟು ಬಿಗಿಯಾಗಿ ಯಾರ್ರೀ ಕಟ್ಟಿದ್ದು? ಇಂಥದಕ್ಕೆ ಏನೋ ಗೇಮ್ ಬಂದಿದೆಯಂತಲ್ಲ, ಅದನ್ನಾದ್ರೂ ನೋಡ್ಬಾರ್ದಾ?” ಎಂದರು.

ಹೆಡ್‌ಮಿಸ್ಸು ನನ್ನ ಮುಖ ನೋಡಿದರು. ನಾನು ಸೀಲಿಂಗ್ ಫ್ಯಾನ್ ನೋಡಿದೆ. “ಅದನ್ನ ಮಾಡಿದೋರು ಇವ್ರೇ ಮೇಡಂ,” ಎಂದರು ಅವರು.

ಕಚ್ಚಿದ್ದು ಕೇರೆ ಹಾವು, ವಿಷವಿಲ್ಲದ್ದು. ಆದರೂ ಒಂದು ದಿನ ಇರಿಸಿಕೊಂಡು ನೋಡಿ ಮನೆಗೆ ಕಳಿಸಿದರು.

ಸುದ್ದಿ ನನಗಿಂತ ಮುಂಚೆ ಕುಣಿಗಲ್ ಕಡೆಗೂ ಹೋಗಿತ್ತು. ಮುಂದಿನ ತಿಂಗಳು ಅಮೃತೂರಿನ ಶಾಲೆಯೊಂದಕ್ಕೆ ಹೋದಾಗ ಅಲ್ಲಿನ ಮೇಷ್ಟ್ರು, “ಇವರೇ ಮಕ್ಕಳೇ, ಹಾವು ಕಚ್ಚಿಸಿಕೊಂಡ ಸಾರು” ಎಂದು ಪರಿಚಯಿಸಿದರು. ಯಾವ ಕ್ಲಾಸಿನಲ್ಲೂ ನನ್ನ ಮಾತನ್ನು ಮಕ್ಕಳು ಅಷ್ಟು ಕಣ್ಣರಳಿಸಿ ಕೇಳಿರಲಿಲ್ಲ. ಕೊನೆಗೆ ಗುರುತು ತೋರಿಸಿ ಎಂದರು. ಪ್ಯಾಂಟು ಮಡಿಚಿದೆ. ಎಷ್ಟು ಹುಡುಕಿದರೂ ಸಿಗಲಿಲ್ಲ, ಮಾಸಿಹೋಗಿತ್ತು.

“ಇಷ್ಟೇನಾ ಸಾರ್?” ಎಂದು ಮುಖ ಸಪ್ಪಗೆ ಮಾಡಿಕೊಂಡು ಟ್ಯಾಬ್‌ಗಳ ಕಡೆ ತಿರುಗಿದರು.