ಒಂದಕ್ಕೆ ಹೋದ ಸುದ್ದಿ

ಅಫಜಲಪುರದ ಆ ಡಾಕ್ಟರಮ್ಮ ಯಾರ ತ್ರಾಸಿನ ಕತೆಯನ್ನೂ ಪೂರ್ತಿ ಕೇಳುತ್ತಿರಲಿಲ್ಲ. ರೋಗಿಯ ಮುಂಗೈ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟು, ಅದು ಇಳಿಯುವುದನ್ನೇ ನೋಡುತ್ತ, "ಅದೆಲ್ಲಾ ಇರ್ಲಿ, ಒಂದಕ್ಕ ಹೋದ ಸುದ್ದಿ ಹೇಳ್ರಿ" ಅನ್ನುತ್ತಿದ್ದರು. ದೊಡ್ಡ ಮೀಸೆಯ ಗಂಡಸರು ಗೋಡೆ ನೋಡುತ್ತಿದ್ದರು.

ಆ ಬೇಸಿಗೆಯಲ್ಲಿ ಹವಳಗಾ ಊರಿನ ನನ್ನ ಸೋದರಮಾವನಿಗೆ ವಾಂತಿಭೇದಿ ಹತ್ತಿತು. ನೀರು ಕುಡಿದರೆ ಭೇದಿ ಹೆಚ್ಚುತ್ತದೆಂದು ಅತ್ತೆ ತಂಬಿಗೆಯನ್ನೇ ಅಡಗಿಸಿಟ್ಟಿದ್ದಳು. ಬಿ.ಪಿ. ಗುಳಿಗೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಿರಲಿಲ್ಲ. ಮೂತ್ರ ನಿಂತು, ರಕ್ತ ಪರೀಕ್ಷೆಯ ವರದಿಯೂ ಕೆಟ್ಟದಾಗಿ ಬಂದಾಗ ಕಿಡ್ನಿ ಹೋದವೆಂದು ಮನೆಮಂದಿ ಅಳುತ್ತ ಅವನನ್ನು ಕರೆತಂದರು.

ಡಾಕ್ಟರಮ್ಮ ಚಿವುಟಿದ ಚರ್ಮ ಗುಡಾರದ ಹಾಗೆ ನಿಂತೇಬಿಟ್ಟಿತು.

"ಕಿಡ್ನಿ ಹೋಗಿಲ್ರಿ, ಅವಕ್ಕ ರಕ್ತ ಮುಟ್ಟವಲ್ದು. ಮೈಯಾಗ ನೀರಿಲ್ಲ, ಮ್ಯಾಲ ಬಿ.ಪಿ. ಇನ್ನಷ್ಟು ಇಳಸೂ ಗುಳಿಗಿ. ಕಾಲುವಿನೇ ಬತ್ತಿದ್ರ ಕಡೀ ಹೊಲಕ್ಕ ಏನ್ ಹೋಗ್ತದ? ನಾ ಹೇಳೂತನಕ ಗುಳಿಗಿ ನಿಲ್ಲಸ್ರಿ."

"ಡಯಾಲಿಸಿಸ್ ಮಾಡಬೇಕೇನ್ರಿ?" ಅತ್ತೆ ಕೇಳಿದಳು.

"ಸಂಜೀತನಕ ಒಂದಕ್ಕ ಬರ್ಲಿಲ್ಲಂದ್ರ ಕಲಬುರಗಿಗೆ ಒಯ್ಯೂಣು."

ಸಲೈನ್ ಏರಿಸಿ, ಮೂತ್ರ ಹಿಡಿಯಲು ಬಾಟಲಿ ಕೊಟ್ಟು, ಅಲ್ಲೇ ಸ್ಟೂಲು ಎಳೆದುಕೊಂಡು ಕೂತರು. ಹೊರಗೆ ಗಾಡಿ ಕಾಯುತ್ತಿತ್ತು.

ಸಂಜೆ, ಹೆಂಗಸರೆದುರು ಎಂದೂ ಆ ಮಾತೆತ್ತದ ಮಾವ, ಕುಸ್ತಿ ಗೆದ್ದವನು ಬೆಳ್ಳಿ ಕಡಗ ತೋರಿಸುವ ಹಾಗೆ ತುಂಬಿದ ಬಾಟಲಿ ಎತ್ತಿ ಹಿಡಿದ. "ಮೇಡಂರ, ಸುದ್ದಿ ಬಂತ್ರಿ."

ಡಾಕ್ಟರಮ್ಮ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. ಸ್ಟೂಲನ್ನು ಮಂಚದ ಹತ್ತಿರಕ್ಕೆ ಸರಿಸಿ ಕೂತು, "ಈಗ ಹೇಳ್ರಿ ಯಜಮಾನ್ರ, ನಿಮ್ಮ ತ್ರಾಸಿನ ಕತಿ ಪೂರಾ" ಎಂದರು.