ಕೂತು ತಾಳ ಹಾಕಿದವಳು ಕಂಡ ಕೊಲಂಬಿಯಾ

ಕಳೆದ ಶುಕ್ರವಾರ ಡೊಂಬಿವಲಿಯ ನಮ್ಮ ಭಜನಾ ಮಂಡಳಿಯ ಹಾಲಿನಲ್ಲಿ ಕರೆಂಟು ಹೋಯಿತು. ಹೊಸ ಸಂಗತಿಯೇನಲ್ಲ, ಶುಕ್ರವಾರ ಕರೆಂಟು ಹೋಗುವುದು ಇಲ್ಲಿ ಏಕಾದಶಿಯ ಉಪವಾಸದಷ್ಟೇ ನಿಯಮದ್ದು. ಯಾರೋ ನಾಲ್ಕು ಮೇಣದ ಬತ್ತಿಗಳನ್ನು ಒಟ್ಟಿಗೆ ಹಿಡಿದು ಹಚ್ಚಿದರು. ಆ ವಾಸನೆ ಬಂದದ್ದೇ ನನಗೆ ಕೊಲಂಬಿಯಾ ನೆನಪಾಯಿತು. ನಗಬೇಡಿ. ಬೇಲಾಪುರಕ್ಕೆ ಹೋಗುವಾಗ ಠಾಣೆ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಬದಲಿಸಬೇಕೆಂದರೆ ಇವತ್ತಿಗೂ ಇಬ್ಬರನ್ನು ಕೇಳಿಯೇ ಹತ್ತುವ ಹೆಂಗಸು ನಾನು. ಆದರೂ ಒಮ್ಮೆ ಭೂಮಿಯ ಆ ಬದಿಗೆ ಹೋಗಿ ಬಂದಿದ್ದೇನೆ.

ನಮ್ಮ ಯಜಮಾನರು ಸರಕು ಹಡಗಿನಲ್ಲಿ ಎಂಜಿನಿಯರಾಗಿದ್ದರು. ವರ್ಷದಲ್ಲಿ ಎಂಟು ತಿಂಗಳು ನೀರಿನ ಮೇಲೆ, ನಾಲ್ಕು ತಿಂಗಳು ಸೋಫಾದ ಮೇಲೆ. ಮದುವೆಗೆ ಮುಂಚೆ ಉಡುಪಿಯ ಕಡೆ ನಮ್ಮ ಊರಿನ ಭಜನಾ ಮಂದಿರದಲ್ಲಿ ನಾನು ಕುಣಿತ ಭಜನೆಯಲ್ಲಿದ್ದೆ. ನಡುವೆ ದೀಪ, ಸುತ್ತ ಜೋಡಿ ಜೋಡಿಯಾಗಿ ಹೆಜ್ಜೆ ಹಾಕುತ್ತಾ ದೇವರ ಹೆಸರು ಹಾಡುವುದು. ಅಷ್ಟೇ. ಆದರೆ ಮೂರನೆಯ ಸುತ್ತಿನ ಹೊತ್ತಿಗೆ ಕಾಲು ನಮ್ಮದಾಗಿರುವುದಿಲ್ಲ. ದೇವರು ಹತ್ತಿರ ಬಂದ ಹಾಗಾಗುತ್ತದೆ. ಕೂತು ಹಾಡುವಾಗ ನನಗೆ ಯಾವತ್ತೂ ಹಾಗೆ ಆಗಿಲ್ಲ.

ಮದುವೆಯಾಗಿ ಬಂದ ಮೇಲೆ ಇಲ್ಲಿನ ಮಂಡಳಿಯಲ್ಲೂ ಕುಣಿತ ಶುರುವಾಯಿತು. ನಾನು ಸೆರಗು ಸಿಕ್ಕಿಸಿ ಎದ್ದೆ. ಆ ಸಲ ಇವರು ರಜೆಯಲ್ಲಿದ್ದರು, ನೋಡಿದರು. ಮನೆಗೆ ಬಂದ ಮೇಲೆ ಮೆತ್ತಗೇ ಹೇಳಿದರು:

"ನಾಲ್ಕು ಜನರೆದುರು ಕುಣಿಯುವುದೆಲ್ಲ ಬೇಡ. ಆಫೀಸರನ ಹೆಂಡತಿ ನೀನು. ಕೂತು ತಾಳ ಹಾಕು, ಸಾಕು."

ಕೂತು ತಾಳ ಹಾಕಿದೆ. ವರ್ಷಗಟ್ಟಲೆ ಹಾಕಿದೆ. ತಾಳವನ್ನಾದರೂ ಬಿಟ್ಟರಲ್ಲ ಎಂದು ದೇವರಿಗೆ ಕೈ ಮುಗಿದೆ. ನನ್ನ ಸ್ವಭಾವವೇ ಹಾಗೆ. ಅನ್ನ ಸೀದರೆ, ತಳ ಮಾತ್ರ ಸೀದದ್ದು ಎನ್ನುವವಳು.

ಎರಡು ಸಾವಿರದ ಒಂಬತ್ತೋ ಹತ್ತೋ ಇರಬೇಕು, ಕಂಪೆನಿಯವರು ಹೆಂಡತಿಯನ್ನು ಕರೆತರಬಹುದೆಂದರು. ಮೂರು ತಿಂಗಳು ನಾನೂ ಹಡಗಿನಲ್ಲಿದ್ದೆ. ಅದರಲ್ಲಿ ಒಂದು ತಿಂಗಳು ವಾಂತಿಯಲ್ಲೇ ಕಳೆಯಿತು. ಕೊಲಂಬಿಯಾದ ಬರ್ರಾಂಕಿಯಾ ಬಂದರು ತಲುಪಿದಾಗ ಊರಿಡೀ ಕಾರ್ನಿವಲ್. ಅವರ ದೊಡ್ಡ ಉಪವಾಸದ ದಿನಗಳು ಶುರುವಾಗುವ ಮೊದಲು ನಾಲ್ಕು ದಿನ ಮನಸಾರೆ ಕುಣಿದು ಮುಗಿಸುತ್ತಾರಂತೆ. ರಸ್ತೆಯಲ್ಲಿ ಸಿಕ್ಕಿದವರ ಮುಖಕ್ಕೆಲ್ಲ ಜೋಳದ ಹಿಟ್ಟು ಎರಚುತ್ತಿದ್ದರು. ನನ್ನ ಮುಖಕ್ಕೂ ಬಿತ್ತು. ಅಯ್ಯೋ, ಇಷ್ಟು ಹಿಟ್ಟು ದಂಡವಾಯಿತಲ್ಲ ಎಂದೇ ನನಗೆ ಮೊದಲು ಅನಿಸಿದ್ದು. ಅಷ್ಟರಲ್ಲಿ ಎದುರಿನಿಂದ ಉದ್ದ ಮೂಗು, ಮೊರದಂಥ ಕಿವಿಯ ಮುಖವಾಡದವರ ಗುಂಪೊಂದು ಬಂತು. ದೇಶಾಂತರದಲ್ಲೂ ಗಣಪತಿ ಸಿಕ್ಕಿದನಲ್ಲ ಎಂದು ನಾನು ಕಣ್ಣು ಮುಚ್ಚಿ ಕೈ ಮುಗಿದೆ.

"ಅದು ಮಂಗನ ವೇಷ ಮಾರಾಯ್ತಿ, ಕೈ ಇಳಿಸು," ಎಂದರು ಇವರು.

ಸಂಜೆ ಒಂದು ಬೀದಿಯ ತಿರುವಿನಲ್ಲಿ ಜನ ಗುಂಡಗೆ ನಿಂತಿದ್ದರು. ನಡುವೆ ಮೂರು ಡೋಲು, ತುದಿಗೆ ಕರಿಮೇಣ ಮೆತ್ತಿದ ಉದ್ದ ಕೊಳಲು. ಅಂಗಳದಷ್ಟು ಅಗಲದ ಲಂಗ ತೊಟ್ಟ ಹೆಂಗಸರು ಬಲಗೈಯಲ್ಲಿ ಉರಿಯುವ ಮೇಣದ ಬತ್ತಿಗಳ ಕಟ್ಟು ಎತ್ತಿ ಹಿಡಿದು, ಪಾದವನ್ನು ನೆಲದಿಂದ ಬಿಡಿಸದೆ, ಡೋಲಿನ ಸುತ್ತ ಜಾರಿದ ಹಾಗೆ ಸುತ್ತುತ್ತಿದ್ದರು. ಕುಂಬಿಯಾ ಅಂತ ಹೆಸರು. ಅಜ್ಜಿಯರಿದ್ದರು, ಬಸುರಿಯೊಬ್ಬಳಿದ್ದಳು. ನೀನು ಯಾರ ಹೆಂಡತಿ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಇದು ನನಗೆ ಗೊತ್ತಿರುವುದೇ. ನಮ್ಮಲ್ಲಿ ದೀಪ ನಡುವೆ, ಇಲ್ಲಿ ಕೈಯಲ್ಲಿ.

ಹಲ್ಲು ಬಿದ್ದ ಅಜ್ಜಿಯೊಬ್ಬಳು ತನ್ನ ಬತ್ತಿಯ ಕಟ್ಟನ್ನು ನನ್ನ ಕೈಗಿತ್ತು, ಬಾ ಎಂದು ಗದ್ದ ಎತ್ತಿ ಸನ್ನೆ ಮಾಡಿದಳು. ಉರಿಯುವ ದೀಪ ಕೈಗೆ ಬಂದರೆ ನಾನು ಏನು ಮಾಡಬೇಕು? ಡೋಲಿಗೆ ಮೂರು ಸುತ್ತು ಆರತಿ ಎತ್ತಿ, ಉರಿಗೆ ಅಂಗೈ ಒಡ್ಡಿ ಕಣ್ಣಿಗೆ ಒತ್ತಿಕೊಂಡೆ. ಬಾರಿಸುವವನು ಕೈ ನಿಲ್ಲಿಸಿದ. ಸುತ್ತಲಿನವರು ನಕ್ಕರು. ಅಜ್ಜಿ ನಗಲಿಲ್ಲ, ತಾನೂ ಉರಿಯ ಮೇಲೆ ಅಂಗೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು.

"ಮಾನ ತೆಗೆದೆಯಲ್ಲ," ಎಂದು ಇವರು ಬತ್ತಿಯನ್ನು ನನ್ನ ಕೈಯಿಂದ ಕಿತ್ತು ಅವಳಿಗೆ ವಾಪಸು ಕೊಟ್ಟರು.

ಆಗಲೇ ಆಚೆ ಬದಿಯಿಂದ ಯಾರೋ "ಸದಾ, ಸದಾ" ಎಂದು ಕೂಗಿದರು. ಸದಾನಂದ ಇವರ ಹೆಸರು. ಒಬ್ಬ ಬಂದು ಇವರ ತಲೆಗೆ ಹುಲ್ಲಿನ ಟೊಪ್ಪಿ ಇಟ್ಟು ಎಳೆದ. ಇವರು ಒಂದು ಸಲ ನನ್ನ ಕಡೆ ನೋಡಿದರು, ಬೇಡವೆನ್ನಲಿಲ್ಲ, ಹೋದರು. ಒಂದು ಕೈ ಬೆನ್ನ ಹಿಂದೆ ಕಟ್ಟಿ, ಹಿಮ್ಮಡಿ ಎತ್ತಿ, ಬತ್ತಿ ಹಿಡಿದ ಹೆಂಗಸೊಬ್ಬಳ ಸುತ್ತ ಹೆಜ್ಜೆ ಹಾಕಿದರು. ಒಂದು ದಿನದಲ್ಲಿ ಕಲಿತ ಹೆಜ್ಜೆಯಲ್ಲ ಅದು. ಎಷ್ಟು ಸಲ ಈ ಬಂದರಿಗೆ ಬಂದಿದ್ದರೋ. ಆ ಹೆಂಗಸಿನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಇವರ ಪಾದಗಳ ಮೇಲೆ ಬಂತು. ಅಷ್ಟು ಚೆಂದ ಕುಣಿಯುತ್ತಿದ್ದವು.

ಹಡಗಿಗೆ ಮರಳಿ ಬರುವಾಗ ಕೇಳಿದೆ, "ನಾಲ್ಕು ಜನರೆದುರು ಕುಣಿಯಬಾರದು ಎಂದವರು ನೀವಲ್ಲವಾ?"

"ಇಲ್ಲಿ ನಮ್ಮನ್ನು ಬಲ್ಲವರು ಯಾರಿದ್ದಾರೆ?"

"ನಾನಿದ್ದೆನಲ್ಲ."

"ನೀನು ಮನೆಯವಳಲ್ವಾ," ಎಂದು ನಕ್ಕು ನನ್ನ ಹೆಗಲ ಮೇಲಿನ ಹಿಟ್ಟು ಕೊಡವಿದರು. ಪ್ರೀತಿಯಿಂದಲೇ ಹೇಳಿದ್ದು. ಅದೇ ಇವತ್ತಿಗೂ ಚುಚ್ಚುತ್ತದೆ. ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಊರಿಗೆ ಬಂದ ಮೇಲೆ ಮದುವೆ ಮನೆಗಳಲ್ಲಿ, ಸತ್ಯನಾರಾಯಣ ಪೂಜೆಗಳಲ್ಲಿ, ಕಲ್ಯಾಣ್ ಊರಿನಲ್ಲಿರುವ ನಾದಿನಿಯ ಮನೆಯಲ್ಲಿ, ಇವರು ಆ ಗಣಪತಿಯ ಕತೆ ಹೇಳಿ ಎಲ್ಲರನ್ನೂ ನಗಿಸಿದರು. ನಾನೂ ನಕ್ಕೆ. ತಮ್ಮ ಟೊಪ್ಪಿಯ ಕತೆಯನ್ನು ಒಮ್ಮೆಯೂ ಹೇಳಲಿಲ್ಲ. ನಾನೂ ಹೇಳಲಿಲ್ಲ, ಗಂಡನ ಮಾನ ಕಾಯುವುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಶುಕ್ರವಾರ ಆ ಬತ್ತಿಗಳ ಬೆಳಕಿನಲ್ಲಿ ಕುಣಿತಕ್ಕೆ ಒಂದು ಜೋಡಿ ಕಡಿಮೆ ಬಿತ್ತು. ಮಂಡಳಿ ನಡೆಸುವ ವಸಂತಿ ಅಕ್ಕ ನನ್ನತ್ತ ನೋಡಿ, "ನೀನು ಬರುತ್ತೀಯಾ? ಬೇಕಾದರೆ ನಿಮ್ಮವರಿಗೆ ಫೋನ್ ಮಾಡಿ ಕೇಳು," ಎಂದರು. ಇವರು ನಿವೃತ್ತರಾಗಿ ಎರಡು ವರ್ಷವಾಯಿತು; ದಿನವಿಡೀ ಮನೆಯಲ್ಲೇ.

"ಕೇಳುವುದೇನಿದೆ," ಎಂದು ತಾಳ ಕೆಳಗಿಟ್ಟು ಎದ್ದೆ.

ನನ್ನ ಜೋಡಿಗೆ ಸಿಕ್ಕಿದವಳು ಇಲ್ಲೇ ಹುಟ್ಟಿ ಬೆಳೆದ ಕಾಲೇಜು ಹುಡುಗಿ. "ಆಂಟೀ, ಆರಾಮ್ ಸೇ, ನಿಧಾನ," ಎಂದಳು. ಕಾಲು ಎಲ್ಲವನ್ನೂ ನೆನಪಿಟ್ಟುಕೊಂಡಿತ್ತು; ಮಂಡಿ ಮಾತ್ರ ಒಪ್ಪಲಿಲ್ಲ. ಎರಡು ಸುತ್ತು ಆಯಿತು. ಮೂರನೆಯದಕ್ಕೆ ಮಂಡಿ ಹಿಡಿದುಕೊಂಡಿತು, ಗೋಡೆಗೆ ಒರಗಿ ಕೂತೆ.

ಮನೆಗೆ ಕುಂಟಿಕೊಂಡು ಬಂದದ್ದನ್ನು ನೋಡಿ ಇವರು ಕೇಳಿದರು, "ಏನಾಯಿತು?"

"ಕುಣಿದೆ."

"ಈ ವಯಸ್ಸಿನಲ್ಲಾ?"

"ಬೇರೆ ವಯಸ್ಸು ನನಗೆ ಎಲ್ಲಿ ಸಿಕ್ಕಿತು?"

ಇವರು ಟೀವಿಯ ಸದ್ದು ಇಳಿಸಿದರು. ನಾನು ದೇವರ ಮುಂದೆ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಂಡೆ. ಎರಡು ಸುತ್ತು ಕೊಟ್ಟೆಯಲ್ಲ, ದೊಡ್ಡದು, ಎಂದು ಕೈ ಮುಗಿದೆ. ಉಳಿದದ್ದನ್ನು ಯಾಕೆ ಕಿತ್ತುಕೊಂಡೆ ಎಂದು ಅವನನ್ನು ಕೇಳಲಿಲ್ಲ. ಕಿತ್ತುಕೊಂಡವನು ಅವನಲ್ಲ.