ಪರದೆ ಹೊಲಿಯುವವರ ಹಾಯಿದೋಣಿ

ನಮ್ಮ ಮನೆಯ ಕೆಳಗಿನ ಒಂಟಿ ಕೋಣೆಯಲ್ಲಿ ನನ್ನ ಗಂಡನ ಅಕ್ಕ ಇದ್ದಾರೆ. ನಾನು ಅವರನ್ನು ಅತ್ತಿಗೆ ಎನ್ನುತ್ತೇನೆ. ಕಿಟಕಿ ಪರದೆ, ಸೋಫಾದ ಹೊದಿಕೆ, ಅಂಗಡಿಗಳ ಮುಂದೆ ಬಿಸಿಲಿಗೆ ಕಟ್ಟುವ ದಪ್ಪ ಬಟ್ಟೆ ಹೊಲಿಯುವುದು ಅವರ ಕೆಲಸ. ಅಪ್ಪ ತೀರಿಕೊಂಡಾಗ ಶಾಲೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವರು, ತಮ್ಮನನ್ನು ಓದಿಸಿ, ಕೆಲಸಕ್ಕೆ ಸೇರಿಸಿ, ನನಗೆ ಕಟ್ಟಿದ ಮೇಲೂ ಅಲ್ಲಿಂದ ಎದ್ದಿಲ್ಲ. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ, ಅಳತೆಗೆ ಸರಿಯಾದವನು ಸಿಗಲಿಲ್ಲ ಎಂದು ಕುತ್ತಿಗೆಯಲ್ಲಿ ನೇತಾಡುವ ಟೇಪು ತೋರಿಸಿ ನಗುತ್ತಾರೆ. ಇಂಥವರ ಮೇಲೆ ಯಾರಿಗಾದರೂ ಗೌರವ ಬರಬೇಕು. ನನಗೂ ಇದೆ. ಆದರೆ ನನ್ನ ಐದು ವರ್ಷದ ಮಗಳು ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ "ಅತ್ತೆ ಎದ್ದಿದ್ದಾರಾ?" ಎನ್ನುತ್ತಾಳಲ್ಲ, ಆಗ ಗೌರವವೆಲ್ಲ ಪಕ್ಕಕ್ಕೆ ಸರಿದು ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತದೆ.

ನಾನು ಪುಸ್ತಕ ಓದಿ ಮಗು ಸಾಕಿದವಳು. ಸೀನು ಬಂದರೆ ಥರ್ಮಾಮೀಟರ್ ತೆಗೆಯುತ್ತೇನೆ, ಮೆಟ್ಟಿಲಿಗೆ ಬಾಗಿಲು ಹಾಕಿಸಿದ್ದೇನೆ. ನನ್ನ ಕೈಯಲ್ಲಿ ನಾಲ್ಕು ತುತ್ತಿಗೆ ನಲವತ್ತು ನೆಪ ಹೇಳುವವಳು ಕೆಳಗೆ ಹೋಗಿ ಬಟ್ಟೆಚೂರುಗಳ ರಾಶಿಯಲ್ಲಿ ಕೂತು ತಟ್ಟೆ ನೆಕ್ಕುತ್ತಾಳೆ. ನಾನು ತಿಂಗಳುಗಟ್ಟಲೆ ಹುಡುಕಿ ಇಟ್ಟ ಹೆಸರು ಶಾಲೆಯ ಹಾಜರಿಗೆ ಮಾತ್ರ. ಉಳಿದವರಿಗೆಲ್ಲ ಅವಳು ‘ಗುಂಡಿ’. ಅಂಗಿಯ ಗುಂಡಿ. ಇಟ್ಟವರು ಯಾರೆಂದು ಬೇರೆ ಹೇಳಬೇಕಿಲ್ಲ.

ಸಾಲದ್ದಕ್ಕೆ ದೋಣಿ ಬಂತು.

ಊರಂಚಿನ ದೊಡ್ಡ ಕೆರೆಯ ದಡದಲ್ಲಿ ಒಂದು ದೋಣಿ ಕ್ಲಬ್ಬಿದೆ. ಅದರ ವರಾಂಡಕ್ಕೆ ಬಟ್ಟೆಯ ಮಾಡು ಹೊಲಿಯಲು ಹೋದ ಅತ್ತಿಗೆ, ಕೆಲಸ ಮುಗಿದ ಮೇಲೂ ಭಾನುವಾರ ಭಾನುವಾರ ಅಲ್ಲಿಗೆ ಹೋಗತೊಡಗಿದರು. ಅಲ್ಲಿ ಕಲಿಸುವ ಮುದುಕರೊಬ್ಬರು ಮೊದಲು ದೋಣಿಯಲ್ಲಿ ಕೂರಿಸಿಕೊಂಡರು, ಆಮೇಲೆ ಚುಕ್ಕಾಣಿ ಕೊಟ್ಟರು. ಎರಡು ವರ್ಷ ಇದು ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು, ಹಲ್ಲಿನ ಡಾಕ್ಟರೊಬ್ಬರ ಹಿತ್ತಲಲ್ಲಿ ವರ್ಷಗಳಿಂದ ಬೋರಲು ಬಿದ್ದಿದ್ದ ಮರದ ಹಾಯಿದೋಣಿಯೊಂದನ್ನು ಕೊಂಡು, ಸಾಮಾನು ಸಾಗಿಸುವ ಟೆಂಪೋದಲ್ಲಿ ಹಾಕಿಸಿಕೊಂಡು ನಮ್ಮ ಗೇಟಿನ ಮುಂದೆ ಇಳಿಸಿದಾಗ. ನನ್ನ ಗಂಡ ಬಾಯಿ ಬಿಟ್ಟುಕೊಂಡು ನಿಂತರು. ಒಳಗಿಂದ ಒಂದು ಓತಿಕ್ಯಾತ ಇಳಿದು ಹೋಯಿತು. ಮಗಳು ಚಪ್ಪಾಳೆ ತಟ್ಟಿ ಹತ್ತಿ ಕೂತಳು. ಮೊಳೆ ಚುಚ್ಚುತ್ತೆ, ಇಳಿ ಎಂದೆ ನಾನು. ಮೊದಲ ಸವಾರಿ ನಿಂದೇ ಗುಂಡಿ ಎಂದರು ಅತ್ತಿಗೆ. ನನ್ನನ್ನು ಒಂದು ಮಾತು ಕೇಳಬೇಕಿತ್ತಲ್ಲವೇ?

ಆಮೇಲೆ ಸಾಯಂಕಾಲಗಳೆಲ್ಲ ದೋಣಿಯ ಪಾಲಾದವು. ಗಂಡ ಆಫೀಸಿನಿಂದ ಬಂದವರು ಮೇಲೆ ಹತ್ತುತ್ತಿರಲಿಲ್ಲ. ಅಕ್ಕ ತಮ್ಮ ಸೇರಿ ಹಳೆಯ ಬಣ್ಣ ಕೆರೆದರು. ತಳದ ಹಲಗೆಯೊಂದು ಕುಂಬಾಗಿತ್ತು, ಬೆರಳಿಟ್ಟರೆ ಒಳಗೆ ಹೋಗುತ್ತಿತ್ತು. ಅದನ್ನು ಬಡಗಿಯಿಂದ ಬದಲಾಯಿಸಿ, ಸಂದುಗಳಿಗೆ ಅಂಟು ಮೆತ್ತಿ, ಎಮರಿ ಪೇಪರಿನಲ್ಲಿ ಉಜ್ಜಿದರು. ಮಗಳೂ ಉಜ್ಜಿದಳು. ರಾತ್ರಿ ಅವಳ ತಲೆಯಿಂದ ಧೂಳು ತೊಳೆಯುವ ಭಾಗ್ಯ ಮಾತ್ರ ನನ್ನದು. ತೊಳೆಯುವಾಗಲೂ ಅದೇ ಪುರಾಣ: ಗಾಳಿ ಎದುರು ಬಂದ್ರೆ ದೋಣಿ ಅಡ್ಡಡ್ಡ ಹೋಗ್ಬೇಕಂತೆ, ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿಯೋ ಕೆಲಸ ತನ್ನದಂತೆ, ಅತ್ತೆ ಹೇಳಿದ್ದಾರಂತೆ. ಅಂಥ ಸವಾರಿಯೇ ಬೇಡ ಎಂದೆ. ಅಂದಿನಿಂದ ಮಗಳು ನನ್ನ ಜತೆ ಟೂ ಬಿಟ್ಟಳು. ಗಂಡನಿಗೆ ದೂರು ಹೇಳಿದರೆ, ಲೈಫ್ ಜಾಕೆಟ್ ಇರುತ್ತೆ ಕಣೇ ಎಂದು ಮೊಸರಲ್ಲಿ ಕಲ್ಲು ಹುಡುಕುವವಳ ಹಾಗೆ ನನ್ನನ್ನು ನೋಡಿದರು.

ಹಳೆಯ ಹಾಯಿ ಇಲಿ ಕಡಿದು ಚಿಂದಿಯಾಗಿತ್ತು. ಹೊಸದನ್ನು ತಾವೇ ಹೊಲಿಯುವುದಾಗಿ ಅತ್ತಿಗೆ ಹೇಳಿದರು. ಮೂರು ಮೂಲೆಯ ಬಟ್ಟೆ ತನಗೆ ಯಾವ ಲೆಕ್ಕ ಎಂಬ ಜಂಬ. ಕ್ಲಬ್ಬಿನ ಮುದುಕರನ್ನೂ ಕೇಳಲಿಲ್ಲ. ಚಿಂದಿಯನ್ನೇ ಹಾಸಿ ಅಳತೆ ತೆಗೆದರು. ಅದರ ಅಂಚುಗಳೆಲ್ಲ ನಡುವೆ ಹೊರಕ್ಕೆ ಬಾಗಿದ್ದವು, ಒಳಗಿನ ಜೋಡಣೆಗಳೂ ಸೊಟ್ಟಗಿದ್ದವು. ಹಳೇ ಬಟ್ಟೆ ಎಳೆದೆಳೆದು ಜೋತಿದೆ ಎಂದುಕೊಂಡು, ಅಳತೆಕೋಲಿಟ್ಟು ಎಲ್ಲವನ್ನೂ ನೇರ ಮಾಡಿ ಕತ್ತರಿಸಿದರು. ಜನ್ಮವೆಲ್ಲ ಪರದೆಯ ಅಂಚು ನೇರ ಮಾಡಿದ ಕೈ. ಮುಗಿಸಿ ಇಸ್ತ್ರಿಯನ್ನೂ ಹಾಕಿದರು. ಹಾಯಿ ಕಾಗದದಂತೆ ಸಪಾಟಾಗಿತ್ತು.

ದೋಣಿ ಪರೀಕ್ಷಿಸಲು ಅಕ್ಕ ತಮ್ಮ ಇಬ್ಬರೇ ಹೋದರು. ನಾನು ಮಗಳ ಕೈ ಬಿಗಿಯಾಗಿ ಹಿಡಿದು ದಡದಲ್ಲಿ ನಿಂತಿದ್ದೆ. ದೋಣಿ ಸೋರಲಿಲ್ಲ. ಆದರೆ ಮುಂದಕ್ಕೂ ಹೋಗಲಿಲ್ಲ. ಏಡಿಯ ಹಾಗೆ ಪಕ್ಕಕ್ಕೆ ಸರಿಯುತ್ತಾ ಜೊಂಡಿನೊಳಗೆ ನುಗ್ಗಿತು. ಹುಟ್ಟು ಹಾಕಿಕೊಂಡು ವಾಪಸು ಬರುವಾಗ ಪಕ್ಕದಲ್ಲೇ ಕ್ಲಬ್ಬಿನ ದೋಣಿಯೊಂದು ಹಾದುಹೋಯಿತು, ಅದರ ಹಾಯಿ ತುಂಬಿದ ಕೆನ್ನೆಯಂತೆ ಉಬ್ಬಿತ್ತು. ಅತ್ತಿಗೆ ಅದನ್ನು ನೋಡಿದರು, ತಮ್ಮದನ್ನು ನೋಡಿದರು.

"ನಾನು ಹಾಯಿ ಹೊಲಿದಿಲ್ಲ ಕಣೋ," ಎಂದರು ದಡಕ್ಕೆ ಇಳಿದು. "ಪರದೆ ಹೊಲಿದಿದ್ದೀನಿ."

ಗಂಡನ ಮುಖ ಬಾಡಿತು. ಮಗಳು ಬಿಕ್ಕಿದಳು. ನನ್ನೊಳಗೆ ಮಾತ್ರ ಯಾರೋ ತಣ್ಣೀರು ಎರಚಿದ ಹಾಗೆ ಹಾಯೆನಿಸಿತು. ಮನೆಗೆ ಹೋಗುವ ದಾರಿಯಲ್ಲಿ ಮಗಳಿಗೆ, ಅವಳು ಕೇಳದೆಯೇ, ಬಲೂನು ಕೊಡಿಸಿದೆ.

ನನ್ನ ಸಂತೋಷಕ್ಕೆ ಆಯುಷ್ಯ ಕಡಿಮೆ. ಹಾಯಿ ಬಿಚ್ಚಿ ಮತ್ತೆ ಕತ್ತರಿಸಲು ಅತ್ತಿಗೆಯ ಕೋಣೆ ಸಾಲದು. ಅಷ್ಟಗಲ ನೆಲ ಇದ್ದದ್ದು ನಮ್ಮ ಹಾಲಿನಲ್ಲಿ ಮಾತ್ರ. ಸೋಫಾ ಗೋಡೆಗೆ ಹೋಯಿತು, ಅಡುಗೆಮನೆಗೆ ಹೋಗಬೇಕಾದರೆ ನಾನು ಗೋಡೆ ಸವರಿಕೊಂಡು ಹೋಗಬೇಕಾಯಿತು. ಈ ಸಲ ಅವರು ಮುದುಕರನ್ನು ಕೇಳಿ ಬಂದಿದ್ದರು. ಬಟ್ಟೆಯ ಪಟ್ಟಿಗಳ ಅಂಚನ್ನು ಸ್ವಲ್ಪ ಬಿಲ್ಲಿನಂತೆ ಕತ್ತರಿಸಿ ಜೋಡಿಸಿದರೆ ಮಾತ್ರ ಹಾಯಿಗೆ ಉಬ್ಬು ಬರುತ್ತದಂತೆ. ಅದಕ್ಕೆ ತೆಳ್ಳನೆಯ ಉದ್ದ ಮರದ ಪಟ್ಟಿಯನ್ನು ಬಾಗಿಸಿ ಹಿಡಿದು, ಅದರ ಗುಂಟ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಗಂಡ ಆಫೀಸಿನಲ್ಲಿ, ಮಗಳು ಶಾಲೆಯಲ್ಲಿ. ಪಟ್ಟಿಯ ಒಂದು ತುದಿ ಇಟ್ಟಿಗೆಯ ಕೆಳಗೆ, ಇನ್ನೊಂದು ನನ್ನ ಕೈಯಲ್ಲಿ. ಮೊಣಕಾಲೂರಿ ಗೆರೆ ಎಳೆಯುತ್ತಿದ್ದ ಅವರ ನೆತ್ತಿಯ ಬಿಳಿಕೂದಲು ನೋಡುತ್ತಾ, ಈಗ ಹೇಳದೆ ಬಿಟ್ಟರೆ ಆಗುವುದಿಲ್ಲ ಎಂದುಕೊಂಡೆ.

"ಅತ್ತಿಗೆ, ಅವಳನ್ನ ದೋಣಿ ಹತ್ತಿಸ್ಬೇಡಿ."

"ನೀರಿನ ಭಯಾನಾ, ನನ್ನ ಭಯಾನಾ?" ತಲೆ ಎತ್ತಲಿಲ್ಲ ಅವರು.

"ಎರಡೂ."

"ಸದ್ಯ, ನಿಜ ಹೇಳ್ದೆ." ಸೀಮೆಸುಣ್ಣ ಕೆಳಗಿಟ್ಟರು. "ಸಂಜೆ ಮೇಲಿಂದ ನೀನು ಒಂದು ಕೂಗು ಹಾಕ್ತೀಯ. ಕೈಯಲ್ಲಿರೋದನ್ನ ಅಲ್ಲೇ ಬಿಸಾಕಿ ಓಡ್ತಾಳೆ. ಆಮೇಲೆ ನಿಮ್ಮ ಬಾಗಿಲು ಹಾಕೋ ಸದ್ದು ಕೇಳುತ್ತೆ. ನಾನು ಚೂರುಬಟ್ಟೆ ಗುಡಿಸ್ತೀನಿ. ಅಂಥ ನನ್ನ ಮೇಲೆ ನಿಂಗೆ ಹೊಟ್ಟೆಕಿಚ್ಚು. ಚೆನ್ನಾಗಿದೆ ಕಣಮ್ಮ."

ನನ್ನ ಕೈ ಸಡಿಲವಾಗಿ ಪಟ್ಟಿ ಟಪ್ಪೆಂದು ನೇರವಾಯಿತು. ಗೆರೆ ಹೋಯಿತು, ಸರಿಯಾಗಿ ಹಿಡಿ ಎಂದು ಗದರಿದರು. ಹಿಡಿದೆ. ಅವರ ಮಾತು ಕೇಳಿ ಮನಸ್ಸು ಕರಗಬೇಕಿತ್ತು. ಅರ್ಧ ಕರಗಿತು. ಇನ್ನರ್ಧ, ಹಾಗಾದರೆ ನಾನೂ ದೋಣಿಗೆ ಬರುತ್ತೇನೆ, ಅವಳು ನನ್ನ ತೊಡೆಯ ಮೇಲೇ ಕೂರಬೇಕು ಎಂದು ಹಟ ಹಿಡಿಯಿತು. ನಿನ್ನಿಷ್ಟ ಎಂದರು ಅತ್ತಿಗೆ.

ಹಾಗೆ, ಈಜು ಬಾರದ ನಾನು ಮೊದಲ ಸವಾರಿಗೆ ಹತ್ತಿದೆ. ಮಗಳ ಜಾಕೆಟ್ಟಿನ ದಾರಗಳನ್ನು ಮೂರು ಸಲ ಎಳೆದು ನೋಡಿದೆ. ಗಂಡ ದಡದಿಂದ ನೂಕಿದರು. ಹೊಸ ಹಾಯಿ ಉಬ್ಬಿತು, ದೋಣಿ ವಾಲಿತು, ನಾನು ಮಗಳನ್ನು ಎರಡೂ ಕೈಯಿಂದ ಅಪ್ಪಿದೆ. ತಿರುಗುವಾಗ ಹಾಯಿಯ ಕೆಳಗಿನ ಅಡ್ಡಮರ ಈ ಬದಿಯಿಂದ ಆ ಬದಿಗೆ ಬರುತ್ತದೆ, ಬಗ್ಗಿ ಆಚೆ ಬದಿಗೆ ಸರಿದು ಕೂರಬೇಕು. ಅತ್ತಿಗೆ ಹೇಳಿದರು, ನಾನು ಬಗ್ಗಿದೆ, ಸರಿಯಲಿಲ್ಲ. ಮೈ ಮರಗಟ್ಟಿತ್ತು. ದೋಣಿ ಒಂದೇ ಕಡೆಗೆ ವಾಲಿ ಅಂಚಿನ ಮೇಲೆ ನೀರು ಬಂತು. ಅತ್ತಿಗೆ ಚಟಕ್ಕನೆ ಹಾಯಿಯ ಹಗ್ಗ ಬಿಟ್ಟರು, ದೋಣಿ ನೆಟ್ಟಗಾಯಿತು. ಅವರ ಮುಖ ಬಿಳುಚಿತ್ತು.

ಮಾತಾಡಿದ್ದು ಮಗಳು, ನನ್ನ ತೋಳಿನೊಳಗಿಂದ: "ಅಮ್ಮ, ನೀನು ಹೀಗೆ ಹಿಡ್ಕೊಂಡ್ರೆ ನಾನು ಹಗ್ಗ ಹೇಗೆ ಹಿಡೀಲಿ?"

ಅಳುವಿರಲಿಲ್ಲ, ಕೋಪವಿರಲಿಲ್ಲ. ಕೆಲಸಕ್ಕೆ ಅಡ್ಡ ಬಂದವರಿಗೆ ದೊಡ್ಡವರು ಹೇಳುವ ಧಾಟಿ. ಈ ದೋಣಿಯಲ್ಲಿ ಅಪಾಯ ಎಂಬುದೇನಾದರೂ ಇದ್ದರೆ ಅದು ನಾನು ಕೂತ ಜಾಗದಲ್ಲೇ ಇತ್ತು.

ದಡಕ್ಕೆ ತಿರುಗಿಸಿ ಎಂದೆ. ಮಗಳ ಮುಖ ಇಳಿಯಿತು. ಮೊಣಕಾಲುದ್ದ ನೀರಿಗೆ ಬಂದಾಗ ನಾನೊಬ್ಬಳೇ ಇಳಿದೆ.

"ನೀವೇ ಕರ್ಕೊಂಡು ಹೋಗಿ ಅತ್ತಿಗೆ. ಜಾಕೆಟ್ ಮಾತ್ರ ಬಿಚ್ಚಬೇಡಿ. ನಂಗೆ ಕಾಣೋಷ್ಟು ದೂರದಲ್ಲೇ ತಿರುಗಿ."

ಅವರು ನನ್ನನ್ನು ನೋಡಿದರು. "ಆ ಜೊಂಡು ದಾಟಲ್ಲ," ಎಂದರು. "ನಿನ್ನಾಣೆ."

ಗುಂಡಿ ಮುಂದಕ್ಕೆ ಸರಿದು ತನ್ನ ಹಗ್ಗ ಹಿಡಿದಳು. ಗಾಳಿ ಸಿಕ್ಕಿತು. ತಿರುಗುವಾಗ ಇಬ್ಬರೂ ಒಟ್ಟಿಗೆ ಬಗ್ಗಿ, ಒಟ್ಟಿಗೆ ಸರಿದು ಕೂತರು, ಎಷ್ಟೋ ವರ್ಷದ ಜೋಡಿಯ ಹಾಗೆ. ಅವಳ ನಗು ನೀರಿನ ಮೇಲಿಂದ ತೇಲಿ ಬಂತು. ಅಷ್ಟು ಜೋರಾಗಿ ಅವಳು ನನ್ನೆದುರು ನಕ್ಕದ್ದು ಯಾವಾಗ ಎಂದು ಹುಡುಕಿದೆ, ನೆನಪಾಗಲಿಲ್ಲ. ಹೊಟ್ಟೆಯಲ್ಲಿ ಮತ್ತೆ ಉರಿ ಎದ್ದಿತು. ಒದ್ದೆ ಬಟ್ಟೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತೀ, ಬಂದು ಕೂತುಕೋ ಎಂದು ಗಂಡ ಬೆಂಚಿನ ಮೇಲೆ ಜಾಗ ಮಾಡಿದರು.

"ನೀವು ಕೂತ್ಕೊಳ್ಳಿ," ಎಂದೆ. ಕೂತರೆ ದಡದ ಕಲ್ಲುಕಟ್ಟೆ ಅಡ್ಡ ಬಂದು ದೋಣಿ ಕಾಣುತ್ತಿರಲಿಲ್ಲ.